ತಡವಾಗಿ ಬಂದ ಕರುಣೆ

ಐಸ್ ಹಾಕಿಯಲ್ಲಿ ಗೋಲ್‌ಕೀಪರ್‌ನನ್ನು ಆಟದ ನಡುವೆಯೇ ವಾಪಸು ಕರೆಸಿಕೊಳ್ಳುವುದು ಹೊರಗಿನಿಂದ ನೋಡುವವರಿಗೆ ಶಿಕ್ಷೆಯಂತೆ ಕಾಣುತ್ತದೆ. ಎಷ್ಟೋ ಸಲ ಅದು ಕರುಣೆ. ಆರಡಿ ಅಗಲ, ನಾಲ್ಕಡಿ ಎತ್ತರದ ಬಲೆಯ ಮುಂದೆ ಮೈತುಂಬ ಪ್ಯಾಡು ಕಟ್ಟಿಕೊಂಡು ನಿಂತವನಿಗೆ ಕೆಲವು ರಾತ್ರಿ ಏನು ಮಾಡಿದರೂ ಕೈಗೂಡುವುದಿಲ್ಲ. ಪಕ್ ಎಂಬ ಆಟದ ಬಿಲ್ಲೆ ಕಾಲ ಸಂದಿಯಲ್ಲಿ ನುಸುಳುತ್ತದೆ, ತನ್ನವರದೇ ಸ್ಟಿಕ್ಕಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋಗುತ್ತದೆ. ನಾಲ್ಕೋ ಐದೋ ಗೋಲು ಬಿದ್ದ ಮೇಲೆ ಕೋಚ್, ಟೋಪಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿರುವ ಎರಡನೆಯ ಗೋಲ್‌ಕೀಪರ್‌ಗೆ ಸನ್ನೆ ಮಾಡುತ್ತಾನೆ. ಮೊದಲಿನವನು ಬಂದು ಆ ಜಾಗದಲ್ಲಿ ಕೂರುತ್ತಾನೆ. ಯಾರೂ ಅವನನ್ನು ಮಾತಾಡಿಸುವುದಿಲ್ಲ. ಇವತ್ತು ನಿನ್ನ ದಿನ ಅಲ್ಲ ಬಿಡು, ಅಂತ ಅದರ ಅರ್ಥ.

1995ರ ಡಿಸೆಂಬರ್ 2ರ ಶನಿವಾರ, ಕೆನಡಾದ ಮಾಂಟ್ರಿಯಲ್ ಫೋರಂನಲ್ಲಿ ಆ ಕರುಣೆ ತಡವಾಯಿತು. ಎದುರಿಗಿದ್ದದ್ದು ಡೆಟ್ರಾಯಿಟ್ ರೆಡ್ ವಿಂಗ್ಸ್. ಬಲೆಯ ಮುಂದೆ ಪ್ಯಾಟ್ರಿಕ್ ರುವಾ. ಇಪ್ಪತ್ತರ ವಯಸ್ಸಿನಲ್ಲೇ, 1986ರಲ್ಲಿ, ಮಾಂಟ್ರಿಯಲ್ ಕನೇಡಿಯನ್ಸ್‌ಗೆ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟವನು. 1993ರಲ್ಲಿ ಮತ್ತೆ ಗೆದ್ದುಕೊಟ್ಟ. ಆ ಸಲ ಹೆಚ್ಚುವರಿ ಸಮಯಕ್ಕೆ ಹೋದ ಹತ್ತು ಪಂದ್ಯಗಳನ್ನು ತಂಡ ಸಾಲಾಗಿ ಗೆದ್ದಿತ್ತು. ಹೆಚ್ಚುವರಿ ಸಮಯದಲ್ಲಿ ಒಂದೇ ಒಂದು ಗೋಲು ಬಿದ್ದರೆ ಪಂದ್ಯ ಮುಗಿದಂತೆ. ಹಾಗಾಗಿ ಆ ಹತ್ತೂ ರಾತ್ರಿ ಊರಿನ ಜೀವ ಇವನೊಬ್ಬನ ಕೈಯಲ್ಲಿತ್ತು ಎಂದರೂ ಸರಿಯೇ.

ಬೆಂಚಿನ ಹಿಂದೆ ಕೋಚ್ ಮಾರಿಯೊ ಟ್ರಾಂಬ್ಲೆ. ಅದೇ ತಂಡದ ಹಳೆಯ ಹುಲಿ, ರುವಾ ಬಂದ ಹೊಸದರಲ್ಲಿ ಅವನ ಜೊತೆಯಲ್ಲೇ ಆಡಿದವನು. ಇಬ್ಬರೂ ಕ್ವಿಬೆಕ್‌ನವರು, ಇಬ್ಬರ ಮನೆಮಾತೂ ಫ್ರೆಂಚ್. ಸೀಸನ್ ಶುರುವಾಗಿ ಎರಡು ವಾರ ತುಂಬುವ ಮೊದಲೇ ಆಡಳಿತದವರು ಹಿಂದಿನ ಕೋಚ್‌ನನ್ನೂ ಮ್ಯಾನೇಜರ್‌ನನ್ನೂ ಕಿತ್ತುಹಾಕಿ, ವೀಕ್ಷಕ ವಿವರಣೆ ಮಾಡಿಕೊಂಡಿದ್ದ ಟ್ರಾಂಬ್ಲೆಯನ್ನು ತಂದು ಕೂರಿಸಿದ್ದರು. ಕೋಚಿಂಗ್‌ನ ಅನುಭವ ಅವನಿಗೆ ಇರಲಿಲ್ಲ. ನಿನ್ನೆಯ ಜೊತೆಗಾರ ಇವತ್ತು ಯಜಮಾನ. ಎಂಥ ಒಳ್ಳೆಯವರ ನಡುವೆಯೂ ಇದು ಕಷ್ಟವೇ. ಇವರಿಬ್ಬರ ನಡುವೆಯಂತೂ ಮೊದಲಿಂದಲೂ ಅಷ್ಟಕ್ಕಷ್ಟೇ ಇತ್ತು.

ಮೊದಲ ಅವಧಿ ಮುಗಿದಾಗ 5–1. ಬೇರೆ ಯಾವ ಕೋಚ್ ಆಗಿದ್ದರೂ ವಿರಾಮದಲ್ಲೇ ಗೋಲ್‌ಕೀಪರ್‌ನನ್ನು ಬದಲಿಸುತ್ತಿದ್ದ. ಟ್ರಾಂಬ್ಲೆ ಬದಲಿಸಲಿಲ್ಲ. ಹಟವೋ, ತಾರೆಗೆ ಪಾಠ ಕಲಿಸುವ ಉದ್ದೇಶವೋ, ಅಥವಾ ಅನುಭವ ಸಾಲದ ಮನುಷ್ಯನ ಕೈಕಾಲು ಆಡದ ಸ್ಥಿತಿಯೋ? ಮೂರನೆಯದರ ಸಾಧ್ಯತೆಯನ್ನು ನಾವು ಬೇಗ ಮರೆಯುತ್ತೇವೆ ಎಂದು ನನಗೆ ಅನ್ನಿಸುತ್ತದೆ. ಜಗಳದ ಕಥೆಯಲ್ಲಿ ಖಳನಾಯಕ ಸಿಕ್ಕಷ್ಟು ಸುಲಭವಾಗಿ ಗಾಬರಿಬಿದ್ದವನು ಕಣ್ಣಿಗೆ ಬೀಳುವುದಿಲ್ಲ.

ಆರು ಆಯಿತು, ಏಳು ಆಯಿತು. ಈ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ದೂರದಿಂದ ತೆವಳಿಕೊಂಡು ಬಂದ, ಚಿಕ್ಕ ಹುಡುಗನೂ ತಡೆಯಬಹುದಾಗಿದ್ದ ಹೊಡೆತವೊಂದನ್ನು ರುವಾ ತಡೆದ. ಫೋರಂನ ಗ್ಯಾಲರಿ ಎದ್ದು ಕೂಗಿತು, ಚಪ್ಪಾಳೆ ಹೊಡೆಯಿತು. ಅಬ್ಬಾ, ಒಂದಾದರೂ ಹಿಡಿದೆಯಲ್ಲ, ಎನ್ನುವ ಚಪ್ಪಾಳೆ ಅದು. ರುವಾ ಎರಡೂ ತೋಳು ಮೇಲೆತ್ತಿದ, ದೊಡ್ಡದೇನೋ ಗೆದ್ದವನ ಹಾಗೆ. ಅಣಕಕ್ಕೆ ಅಣಕ.

ಇಪ್ಪತ್ತಾರು ಹೊಡೆತಗಳಲ್ಲಿ ಒಂಬತ್ತನೆಯ ಗೋಲು ಬಿದ್ದ ಮೇಲೆ ಕರೆ ಬಂತು. ರುವಾ ಬೆಂಚಿಗೆ ಬಂದ. ಎದೆಯ ಮೇಲೆ ಕೈಕಟ್ಟಿ ನಿಂತಿದ್ದ ಟ್ರಾಂಬ್ಲೆಯನ್ನು ದಾಟಿಹೋದ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕ್ಲಬ್ಬಿನ ಅಧ್ಯಕ್ಷ ರೊನಾಲ್ಡ್ ಕೋರೆ ಕಡೆ ಬಾಗಿ, ಮಾಂಟ್ರಿಯಲ್‌ನಲ್ಲಿ ಇದೇ ನನ್ನ ಕೊನೆಯ ಆಟ ಎಂದು ಹೇಳಿಬಿಟ್ಟ. ತಿರುಗಿ ಬರುವಾಗ ಟ್ರಾಂಬ್ಲೆಯನ್ನು ದುರುಗುಟ್ಟಿ ನೋಡಿದ. ಇದೆಲ್ಲ ಟಿವಿಯಲ್ಲಿ ದೇಶಕ್ಕೆ ದೇಶವೇ ನೋಡಿತು. ಪಂದ್ಯ 11–1ಕ್ಕೆ ಮುಗಿಯಿತು. ನಾಲ್ಕು ದಿನದಲ್ಲಿ, ಡಿಸೆಂಬರ್ 6ಕ್ಕೆ, ರುವಾ ಜೊತೆಗೆ ತಂಡದ ನಾಯಕ ಮೈಕ್ ಕೀನ್‌ನನ್ನೂ ಕೊಲೊರಾಡೊ ಅವಲಾಂಚ್‌ಗೆ ಕೊಟ್ಟು ಕನೇಡಿಯನ್ಸ್ ಮೂವರು ಆಟಗಾರರನ್ನು ತಂದುಕೊಂಡಿತು. ಕೊಲೊರಾಡೊ ಎಂದರೆ ಆ ವರ್ಷವಷ್ಟೇ ಕ್ವಿಬೆಕ್ ಸಿಟಿಯಿಂದ ಗುಳೆ ಹೋಗಿದ್ದ ತಂಡ, ಮಾಂಟ್ರಿಯಲ್‌ನ ಬದ್ಧವೈರಿ. ಅಭಿಮಾನಿಗಳ ಹೊಟ್ಟೆ ಉರಿಯಲು ಬೇರೆ ಕಾರಣ ಬೇಕಿರಲಿಲ್ಲ. 1996ರ ಜೂನ್‌ನಲ್ಲಿ ಅದೇ ಕೊಲೊರಾಡೊ ಕಪ್ ಗೆದ್ದಿತು. ಮೂರನೆಯ ಹೆಚ್ಚುವರಿ ಅವಧಿಯವರೆಗೆ ಎಳೆದ ಕೊನೆಯ ಪಂದ್ಯದಲ್ಲಿ ರುವಾ 63 ಹೊಡೆತ ತಡೆದು ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮಾಂಟ್ರಿಯಲ್‌ನ ಅಭಿಮಾನಿಗಳು ಹೇಳಿಕೊಂಡು ಬಂದದ್ದು ಒಂದೇ ಕಥೆ: ಒಬ್ಬ ಕೋಚ್‌ನ ಅಹಂಕಾರಕ್ಕೆ ನಮ್ಮ ಮುತ್ತು ಕೈತಪ್ಪಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಆ ಕೂಸು ತಾನೇ ಎಂದು ಅಭಿಮಾನಿ ನಂಬಿಕೊಂಡಿರುತ್ತಾನೆ. ಅವನ ಸಂಕಟ ಸುಳ್ಳೂ ಅಲ್ಲ. ಟಿಕೆಟ್ಟಿಗೆ ದುಡ್ಡು ಸುರಿಯುತ್ತಾನೆ, ಮಗುವಿಗೆ ರುವಾನ 33ನೇ ನಂಬರಿನ ಜೆರ್ಸಿ ಕೊಡಿಸುತ್ತಾನೆ, ಡ್ರೆಸ್ಸಿಂಗ್ ರೂಮಿನ ಬಾಗಿಲು ಮಾತ್ರ ಅವನಿಗೆ ತೆರೆಯುವುದಿಲ್ಲ. ಒಳಗೆ ಯಾರು ಯಾರಿಗೆ ಏನಂದರು ಎಂಬುದು ಅವನ ಕಿವಿಗೆ ಬೀಳುವ ಹೊತ್ತಿಗೆ ವ್ಯಾಪಾರ ಮುಗಿದು ಕಾಗದಕ್ಕೆ ಸಹಿ ಬಿದ್ದಿರುತ್ತದೆ.

ಆದರೆ ಡಿಸೆಂಬರ್ 2ರಂದು ಈ ಕೂಸು ಚಪ್ಪಾಳೆ ಹೊಡೆಯುತ್ತಿತ್ತು. ಕೋಚ್ ಜೊತೆಗಿನ ಮನಸ್ತಾಪ ಹಳೆಯದು, ಹೇಗೋ ಇನ್ನಷ್ಟು ದಿನ ಸಾಗುತ್ತಿತ್ತೇನೋ. ರುವಾನನ್ನು ತೋಳೆತ್ತುವ ಮಟ್ಟಕ್ಕೆ ತಂದು ನಿಲ್ಲಿಸಿದ್ದು ಟ್ರಾಂಬ್ಲೆಯ ಮೌನ ಒಂದೇ ಅಲ್ಲ. ಹತ್ತು ವರ್ಷ ಅವನ ಹೆಸರು ಕೂಗಿದ ಗ್ಯಾಲರಿ ಅಂದು ನಕ್ಕಿತು. ಕೋಚ್ ಕೈಬಿಟ್ಟರೆ ಆಟಗಾರ ಗ್ಯಾಲರಿಯ ಕಡೆ ನೋಡುತ್ತಾನೆ. ಗ್ಯಾಲರಿಯೂ ಕೈಬಿಟ್ಟರೆ ಉಳಿಯುವುದು ಅಧ್ಯಕ್ಷರ ಕುರ್ಚಿ. ರುವಾ ಹೋದದ್ದು ಅಲ್ಲಿಗೇ.

ಇಷ್ಟು ಹೇಳಿ ರುವಾನನ್ನು ಸಾಧುವನ್ನಾಗಿ ಮಾಡುವ ಆಸೆ ನನಗಿಲ್ಲ. ಆತ ಅಹಂಕಾರಿಯೇ. ಗೋಲಿನ ಕಂಬಗಳ ಜೊತೆ ಮಾತಾಡುವ, ಸೋಲನ್ನು ನುಂಗಲಾರದ ಮನುಷ್ಯ. ಎಲ್ಲರಿಗೂ ಒಂದೇ ಕಾನೂನು ಎಂದು ಹೊಸ ಕೋಚ್ ಹೊರಟರೆ ಅದೂ ತಪ್ಪಲ್ಲ. ಟ್ರಾಂಬ್ಲೆ 1997ರಲ್ಲಿ ಕೆಲಸ ಬಿಟ್ಟ, ಆಮೇಲೆ ಮಿನೆಸೋಟ ವೈಲ್ಡ್ ತಂಡಕ್ಕೆ ಸಹಾಯಕ ಕೋಚ್ ಆದ. 2003ರ ಏಪ್ರಿಲ್‌ನಲ್ಲಿ ರುವಾ ತನ್ನ ಕೊನೆಯ ಪಂದ್ಯ ಸೋತದ್ದು ಅದೇ ಮಿನೆಸೋಟಕ್ಕೆ, ಹೆಚ್ಚುವರಿ ಸಮಯದಲ್ಲಿ. ಇಂಥದ್ದನ್ನು ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ರುವಾ ಮುಂದೆ ತಾನೇ ಕೋಚ್ ಆದ. ಗೋಲ್‌ಕೀಪರ್‌ನನ್ನು ಯಾವಾಗ ಕರೆಸಿಕೊಳ್ಳಬೇಕು ಎಂಬ ಲೆಕ್ಕ ಆಗ ಅವನ ಪಾಲಿಗೆ ಬಂತು.

2008ರ ನವೆಂಬರ್ 22ರಂದು ಮಾಂಟ್ರಿಯಲ್ 33ನೇ ನಂಬರಿನ ಜೆರ್ಸಿಯನ್ನು ಚಾವಣಿಗೆ ಏರಿಸಿ ಗೌರವಿಸಿತು. ಫೋರಂ 1996ರಲ್ಲೇ ಬಾಗಿಲು ಹಾಕಿದ್ದರಿಂದ ಸಮಾರಂಭ ನಡೆದದ್ದು ಹೊಸ ಕಟ್ಟಡದಲ್ಲಿ. ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ಹೊಡೆದರು. ಊರು ದೊಡ್ಡ ಮನಸ್ಸು ಮಾಡಿತು, ತನ್ನನ್ನು ಬಿಟ್ಟುಹೋದವನನ್ನು ಕ್ಷಮಿಸಿತು ಎನ್ನುವವರಿದ್ದಾರೆ. ಹದಿಮೂರು ವರ್ಷದ ಹಿಂದಿನ ಗ್ಯಾಲರಿಯಲ್ಲಿ ಕೂತವರು ಕೆಲವರಾದರೂ ಅಲ್ಲಿ ಇದ್ದಿರಲೇಬೇಕು. ಅಂದು ಕ್ಷಮಿಸಬೇಕಾಗಿದ್ದ ಸರದಿ ಅವನದೂ ಇತ್ತಲ್ಲವೇ?