ರಟ್ಟಿನ ಖಾನಾವಳಿ

ಖಾನಾವಳಿ ಕಟ್ಟುವ ಮೊದಲು ರಟ್ಟಿನಲ್ಲಿ ಅದರ ಮಾದರಿ ಮಾಡಿ ನೋಡುವುದು ಜಾಣತನವೇ ಸರಿ; ರಟ್ಟು ಕತ್ತರಿಸುವುದು ಗೋಡೆ ಕೆಡಹುವುದಕ್ಕಿಂತ ಅಗ್ಗ. ಆದರೆ ಮಾದರಿಗೆ ಹೊಗೆಯಿಲ್ಲ, ಸೆಕೆಯಿಲ್ಲ. ಮೇಲಿನಿಂದ ನೋಡುವ ನಮಗೆ ಮೇಜುಗಳ ಅಂದ ಕಾಣುತ್ತದೆ. ಭಾಲ್ಕಿ, ಔರಾದಗಳ ಬೇಸಗೆಯಲ್ಲಿ ಒಲೆಯೆದುರು ಜೋಳದ ರೊಟ್ಟಿ ಬಡಿಯುವವಳ ಬೆವರು ಕಾಣದು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿಯ ಕಾರಣಕ್ಕೆ ಯಾರನ್ನೂ ಉಪಾಹಾರಗೃಹದಿಂದ ಹೊರಗಿಡಬಾರದೆಂದಿತು. ಉಣ್ಣುವವರಿಗೆ ಸಂದ ಈ ಗೌರವ ಊಟದ ಪಡಸಾಲೆಯಲ್ಲೇ ನಿಲ್ಲಬೇಕೆ? ಬೀದರಿನ ಮಹಮೂದ್ ಗವಾನನ ಮದರಸಾದಲ್ಲಿ 1472ರಲ್ಲೇ ವಿದ್ಯಾರ್ಥಿಗಳ ಕೋಣೆಗೂ ಗಾಳಿ ಬೆಳಕು ಒದಗಿಸಿದ್ದರು.

ಮಾದರಿಯನ್ನು ಕಣ್ಣಿನ ಮಟ್ಟಕ್ಕೆತ್ತಿ ಮೊದಲು ಅಡುಗೆಮನೆಯೊಳಗಿಂದ ನೋಡಬೇಕೆಂಬುದು ನನ್ನ ಎಣಿಕೆ. 1:20ರ ಪ್ರಮಾಣದಲ್ಲಿ 2 ಅಂಗುಲ ರಟ್ಟು ಕೊರೆದರೆ ಅವಳಿಗೆ 40 ಅಂಗುಲದ ಕಿಟಕಿಯಾಗುತ್ತದೆ. ಅದಕ್ಕಾಗಿ ಒಲೆಯನ್ನು ಹೊರಗೋಡೆಗೆ ತಂದರೆ ಪಡಸಾಲೆಯಲ್ಲಿ ಒಂದು ಮೇಜು ಕಡಿಮೆಯಾದೀತು, ಆಗಲಿ.