ಗರ್ಭಿಣಿಯೂ ಉಪವಾಸವೂ

ಚೊಚ್ಚಲ ಬಸಿರು ಐದನೆಯ ತಿಂಗಳ ಸುಮಾರಿಗೆ ಹೊರಗೆ ಕಾಣತೊಡಗುವುದು. ಆ ವೇಳೆಗೆ ಭಾದ್ರಪದದ ದಶಲಕ್ಷಣ ಪರ್ವವೂ ಬಂದರೆ ಶ್ರಾವಕರ ಮನೆಯಲ್ಲಿ ಒಂದು ಧರ್ಮಸಂದೇಹ ತಲೆದೋರುವುದು: ಸೊಸೆಯು ಮೊದಲೇ ಹಿಡಿದ ಅನಂತವ್ರತದ ಉಪವಾಸವನ್ನು ಈ ವರ್ಷವೂ ಆಚರಿಸಬೇಕೆ? ಬಿಟ್ಟರೆ ವ್ರತಭಂಗದ ಭೀತಿ. ಆಚರಿಸಿದರೆ ಗರ್ಭಕ್ಕೆ ಕ್ಲೇಶವಾದೀತೆಂಬ ಭೀತಿ.

ಉಪವಾಸವು ತನ್ನ ಇಂದ್ರಿಯಗಳನ್ನು ತಾನೇ ನಿಗ್ರಹಿಸುವ ತಪಸ್ಸು. ಗರ್ಭಸ್ಥ ಜೀವವಾದರೋ ಯಾವ ಸಂಕಲ್ಪವನ್ನೂ ಮಾಡಿಲ್ಲ. ತಾಯಿಯ ಆಹಾರವೇ ಅದರ ಆಧಾರ. ಆಶ್ರಿತರಿಗೆ ಅನ್ನಪಾನಗಳನ್ನು ತಡೆಯುವುದನ್ನು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ ಎಣಿಸಿದೆ. ಕೊಟ್ಟಿಗೆಯ ದನಕರುಗಳಿಗೂ ಸಲ್ಲುವ ಈ ಕರುಣೆಯು ಒಡಲೊಳಗಿನ ಕೂಸಿಗೆ ಸಲ್ಲದೆ? ಷೋಡಶಕಾರಣ ಭಾವನೆಗಳಲ್ಲಿಯೂ ತಪವನ್ನು ಶಕ್ತಿಗೆ ತಕ್ಕಂತೆ ಆಚರಿಸಬೇಕೆಂದೇ ಹೇಳಿದೆ.

ಹಾಗೆಂದು ಸಂಯಮವನ್ನೇ ತೊರೆಯಬೇಕೆಂದಲ್ಲ. ಅಭಕ್ಷ್ಯತ್ಯಾಗ, ಜಿನಪೂಜೆ, ಸಾಮಾಯಿಕಗಳು ಗರ್ಭಿಣಿಗೂ ಸಾಧ್ಯ. ಸ್ವಾಧ್ಯಾಯವಂತೂ ಅಂತರಂಗ ತಪಗಳಲ್ಲೊಂದು. ನಿಂತ ಉಪವಾಸವನ್ನು ಗುರುಗಳಲ್ಲಿ ನಿವೇದಿಸಿ ಮುಂದೆ ಪೂರೈಸಲಿ.

ಆದರೆ ‘ನನ್ನಿಂದಾಗದು’ ಎನ್ನಲು ಹೊಸ ಸೊಸೆ ನಾಚುವಳು. ವ್ರತಗೇಡಿಯೆನಿಸಿಕೊಳ್ಳುವ ಅಳುಕಿನಿಂದ ಹಸಿವನ್ನು ನುಂಗಿಕೊಳ್ಳುವಳು. ಆದುದರಿಂದ ‘ಈ ಸಲ ಉಣ್ಣಮ್ಮ’ ಎಂಬ ಮಾತು ಅತ್ತೆಯ ಬಾಯಿಂದಲೇ ಮೊದಲು ಬರಬೇಕು. ಎರಡು ಜೀವಗಳ ರಕ್ಷಣೆಯ ಹೊಣೆ ಹಿರಿಯರದೂ ಹೌದು.