ಬಿಡುಗಡೆಯಾದ ಮೇಲೆಯೂ ಋಣವುಂಟೋ?

ಅಮೇರಿಕ ದೇಶದಲ್ಲಿ ದಾಸತ್ವವು 1865ರಲ್ಲಿ ಅಳಿಯಿತು. ಆದರೆ ದಾಸರ ದುಡಿಮೆಯ ಕೂಲಿಯನ್ನು ಅವರ ಸಂತತಿಯವರಿಗೆ ಸಲ್ಲಿಸಬೇಕೋ ಎಂಬ ವಾದವು ಇಂದಿಗೂ ಮುಗಿದಿಲ್ಲ. ವಾಷಿಂಗ್ಟನ್ ಪಟ್ಟಣದ ದಾಸರನ್ನು 1862ರಲ್ಲಿ ಬಿಡಿಸಿದಾಗ ಸರಕಾರವು ಒಡೆಯರಿಗೆ ತಲೆಗೆ 300 ಡಾಲರಿನ ವರೆಗೆ ಪರಿಹಾರ ಕೊಟ್ಟಿತು. ದುಡಿದವರಿಗೆ ಅವರ ಕೂಲಿ ದೊರೆಯಲಿಲ್ಲ.

ಇದು ದೂರದ ಮಾತೆಂದು ಎಣಿಸಬೇಡಿರಿ. ನಮ್ಮ ಸೀಮೆಯಲ್ಲಿ ಮಹಾರರು ವತನದ ತುಂಡು ಹೊಲಕ್ಕಾಗಿ ಹಗಲಿರುಳು ಊರ ಬಿಟ್ಟಿಚಾಕರಿ ಮಾಡುತ್ತಿದ್ದರು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ಶಾಹೂ ಮಹಾರಾಜರು ಆ ವತನವನ್ನು ತೆಗೆದು ಹೊಲವನ್ನು ಅವರಿಗೇ ಬಿಟ್ಟರು. ಮೈಸೂರು ರಾಜ್ಯದ 1961ರ ಕಾಯಿದೆಯಾದರೋ ಗ್ರಾಮಚಾಕರಿಗಳನ್ನು ರದ್ದುಮಾಡಿ, ಭೂಮಿಯನ್ನು ಚಾಕರರಿಗೆ ಬೆಲೆ ಕಟ್ಟಿಸಿಕೊಂಡು ಕೊಡಿಸಿತು. ತಲೆತಲಾಂತರ ದುಡಿದವರೇ ಬೆಲೆ ತೆರಬೇಕಾಯಿತು!

"ನಾನು ಯಾರನ್ನೂ ಬಿಟ್ಟಿ ದುಡಿಸಲಿಲ್ಲ, ಅಜ್ಜನ ತಪ್ಪಿಗೆ ನನಗೇಕೆ ದಂಡ?" ಎಂದು ಕೆಲವರು ಕೇಳುವರು. ಇದು ದಂಡವಲ್ಲ, ಸಾಲ. ಅಪರಾಧವು ಅಜ್ಜನೊಂದಿಗೆ ಮಣ್ಣಿಗೆ ಹೋಗುವದು; ಆದರೆ ಅಜ್ಜನ ಹೊಲವನ್ನು ಹಂಚಿಕೊಂಡವರು ಅವನ ಸಾಲವನ್ನೂ ಹಂಚಿಕೊಳ್ಳುವದು ನಮ್ಮ ನಾಡಿನ ನ್ಯಾಯವಲ್ಲವೇ? ಲೆಕ್ಕವು ಕಠಿಣವೆಂಬದು ನಿಜ. ಆದರೂ ಪೂರಾ ತೀರಿಸಲಾಗದ ಸಾಲವು ಇಲ್ಲದ ಸಾಲವಾಗದು.

ದಾಸನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಸಹೋದರರೇ, ಹಿರಿಯರಿಗೆ ಬರತಕ್ಕದ್ದನ್ನು ನಾವು ಧೈರ್ಯದಿಂದ ಕೇಳೋಣ. ಹಾಗೆಯೇ, ನಮ್ಮ ಕಬ್ಬು ಕಡಿದ ಆಳಿನ ಕೂಲಿಯನ್ನು ಸಂಜೆಯೊಳಗೆ ಕೊಟ್ಟೆವೋ ಎಂಬದನ್ನೂ ನೋಡಿಕೊಳ್ಳೋಣ.